ಬ್ಯಾಕಪ್‌ನಿಂದ ಡೇಟಾಬೇಸ್ ಮರುಸ್ಥಾಪನೆ: ಬಳಕೆದಾರರ ಅನುಮತಿ ಮತ್ತು ಒಡೆತನ

ಪೀಠಿಕೆ

ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯು ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿ ಇರುವ ಸ್ಥಳವಾಗಿದೆ. ಈ ಭಾಗದ ರೈತರಿಗೆ ಬೆಳೆಸಾಲ, ಪರಿಹಾರ ಮುಂತಾದವುಗಳಿಗೆ ಪಹಣಿಯೇ ಆಧಾರ. ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, 2002ರ ಹೊತ್ತಿಗೆ ಕೈಬರಹದ ಪಹಣಿಯನ್ನು ಕೈಬಿಡಲಾಯಿತು. ತಿದ್ದುಪಡಿಗೆ ಹೊಣೆಗಾರರು ಯಾರೆಂಬುದು ತಿಳಿಯುವಂತೆ ಸಿಬ್ಬಂದಿಯ ಬೆರಳಚ್ಚು ಪಡೆಯುವ ವ್ಯವಸ್ಥೆಯನ್ನೂ ಅದರಲ್ಲಿ ಅಳವಡಿಸಲಾಯಿತು. ಆದ್ದರಿಂದ ಇಂತಹ ದಾಖಲೆಗಳನ್ನು ಬ್ಯಾಕಪ್‌ನಿಂದ ಮರುಸ್ಥಾಪಿಸುವಾಗ ಮಾಹಿತಿಯ ಜೊತೆಗೆ ಅದನ್ನು ತಿದ್ದುವ ಅಧಿಕಾರವೂ ಸರಿಯಾದವರ ಕೈಗೇ ಮರಳತಕ್ಕದ್ದು.

ತೊಂದರೆಯ ಕಾರಣ

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಲಾಗಿನ್ ವಿವರಗಳು ಸಾಮಾನ್ಯವಾಗಿ ‘ಮಾಸ್ಟರ್’ ಡೇಟಾಬೇಸ್‌ನಲ್ಲಿಯೂ, ಬಳಕೆದಾರರ ಅನುಮತಿಗಳು ಆಯಾ ಡೇಟಾಬೇಸ್‌ನಲ್ಲಿಯೂ ಇರುತ್ತವೆ. ಇವೆರಡನ್ನು ಜೋಡಿಸುವುದು ಹೆಸರಲ್ಲ, ಭದ್ರತಾ ಗುರುತುಸಂಖ್ಯೆ. ಬೇರೆ ಸರ್ವರ್‌ನಲ್ಲಿ ಅದೇ ಹೆಸರಿನ ಲಾಗಿನ್ ಹೊಸದಾಗಿ ಸೃಷ್ಟಿಸಿದರೆ ಸಂಖ್ಯೆ ಬದಲಾಗಿ, ಬಳಕೆದಾರ ‘ಅನಾಥ’ನಾಗುತ್ತಾನೆ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಡಂಪ್ ಬ್ಯಾಕಪ್ ಬಳಕೆದಾರರ ಖಾತೆಗಳನ್ನು ಒಳಗೊಂಡಿರುವುದಿಲ್ಲ. ಮೂಲ ಒಡೆಯನ ಖಾತೆ ಇಲ್ಲದಿದ್ದರೆ, ಮರುಸ್ಥಾಪಿಸಿದವರ ಹೆಸರಿಗೇ ಕೋಷ್ಟಕಗಳ ಒಡೆತನ ಉಳಿಯುತ್ತದೆ.

ಅನುಸರಿಸಬೇಕಾದ ಕ್ರಮ

1. ಬ್ಯಾಕಪ್ ಪಡೆಯುವಾಗಲೇ ಖಾತೆಗಳ ಪ್ರತಿಯನ್ನೂ ಪಡೆಯತಕ್ಕದ್ದು. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಡಂಪ್‌ಆಲ್‌ನ ‘ಗ್ಲೋಬಲ್ಸ್-ಓನ್ಲಿ’ ಆಯ್ಕೆ ಇದಕ್ಕಿದೆ. ಗುಪ್ತಪದಗಳ ಸಂಕೇತರೂಪವೂ ಅದರಲ್ಲಿರುವುದರಿಂದ ಪ್ರತಿಯನ್ನು ಸುರಕ್ಷಿತವಾಗಿಡತಕ್ಕದ್ದು.

2. ಮೊದಲು ಖಾತೆಗಳನ್ನು, ನಂತರ ಡೇಟಾಬೇಸನ್ನು ಮರುಸ್ಥಾಪಿಸತಕ್ಕದ್ದು.

3. ಒಡೆಯರನ್ನು ಬದಲಿಸಬೇಕಾದಲ್ಲಿ ಪಿಜಿ_ರಿಸ್ಟೋರ್‌ನ ‘ನೋ-ಓನರ್’ ಮತ್ತು ‘ರೋಲ್’ ಆಯ್ಕೆಗಳನ್ನು ಒಟ್ಟಿಗೆ ಬಳಸಬಹುದು.

4. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅನಾಥ ಬಳಕೆದಾರರನ್ನು ‘ಆಲ್ಟರ್ ಯೂಸರ್’ ಆದೇಶದ ಮೂಲಕ ಲಾಗಿನ್‌ಗೆ ಮರುಜೋಡಿಸತಕ್ಕದ್ದು. ಡೇಟಾಬೇಸ್‌ನ ಒಡೆತನವನ್ನು ‘ಆಲ್ಟರ್ ಆಥರೈಸೇಶನ್’ ಮೂಲಕ ಸರಿಪಡಿಸತಕ್ಕದ್ದು.

5. ಹಳೆಯ ಬ್ಯಾಕಪ್‌ನೊಂದಿಗೆ ಅಂದಿನ ಅನುಮತಿಗಳೂ ಮರಳುತ್ತವೆ. ಬ್ಯಾಕಪ್ ನಂತರ ವರ್ಗಾವಣೆ ಅಥವಾ ನಿವೃತ್ತಿ ಹೊಂದಿದವರ ಅನುಮತಿಗಳನ್ನು ಪಟ್ಟಿಮಾಡಿ ರದ್ದುಪಡಿಸತಕ್ಕದ್ದು.

ಎಚ್ಚರಿಕೆ

ಕೆಲಸ ನಿಲ್ಲಬಾರದೆಂದು ಎಲ್ಲರಿಗೂ ಪೂರ್ಣ ಅನುಮತಿ ನೀಡುವುದು ಸುಲಭವಾಗಿ ಕಂಡರೂ ಸಲ್ಲದು. ಹಾಗೆ ಮಾಡಿದಲ್ಲಿ ಸರ್ವೆ ನಂಬರೊಂದರ ಹೆಸರು ಬದಲಾದರೆ, ಅದನ್ನು ಬದಲಿಸಬಹುದಾಗಿದ್ದವರು ಎಲ್ಲರೂ ಆಗಿರುತ್ತಾರೆ, ಹೊಣೆಗಾರರು ಯಾರೂ ಇರುವುದಿಲ್ಲ.

ಕೊನೆಯದಾಗಿ, ನೋಡಲು ಮಾತ್ರ ಅನುಮತಿಯುಳ್ಳ ಖಾತೆಯಿಂದ ಪ್ರವೇಶಿಸಿ ತಿದ್ದಲು ಪ್ರಯತ್ನಿಸತಕ್ಕದ್ದು. ತಿದ್ದುಪಡಿ ನಿರಾಕರಿಸಲ್ಪಟ್ಟು, ಅಧಿಕೃತ ಖಾತೆಗಳಿಂದ ಕೆಲಸ ನಡೆದ ನಂತರವೇ ಡೇಟಾಬೇಸನ್ನು ಸಾರ್ವಜನಿಕ ಸೇವೆಗೆ ತೆರೆಯತಕ್ಕದ್ದು.