ಮಾಲ್ಟಾ ದ್ವೀಪದ ಶರತ್ಕಾಲದ ಅತಿಥಿಗಳು

ಮನುಷ್ಯನು ಪಕ್ಷಿಗಳನ್ನು ನೋಡುವ ಬಗೆ ಎರಡು. ಹಿಡಿಯಬೇಕೆಂದು ನೋಡುವುದು ಒಂದು. ತಿಳಿಯಬೇಕೆಂದು ನೋಡುವುದು ಇನ್ನೊಂದು. ಇವೆರಡೂ ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರುವುದು. ಆದರೆ ಎರಡನೆಯದು ಅನೇಕ ವೇಳೆ ಮೊದಲನೆಯದರ ಗರ್ಭದಿಂದಲೇ ಹುಟ್ಟಿರುವುದೆಂಬುದು ಚರಿತ್ರೆಯನ್ನು ಶೋಧಿಸಿದವರಿಗೆ ವಿದಿತವಾಗುವುದು. ಭೂಮಧ್ಯಸಮುದ್ರದ ನಡುವಣ ಮಾಲ್ಟಾ ದ್ವೀಪದ ಪಕ್ಷಿದರ್ಶನದ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಾಲ್ಟಾ, ಗೋಜೋ, ಕೊಮೀನೊ ಎಂಬ ದ್ವೀಪಗಳೂ ಇನ್ನು ಕೆಲವು ನಡುಗಡ್ಡೆಗಳೂ ಸೇರಿ ಈ ರಾಜ್ಯವಾಗಿದೆ. ಒಟ್ಟು ವಿಸ್ತೀರ್ಣ ಸುಮಾರು 316 ಚದರ ಕಿಲೋಮೀಟರು. ಉತ್ತರಕ್ಕೆ ಸುಮಾರು 90 ಕಿಲೋಮೀಟರು ದೂರದಲ್ಲಿ ಸಿಸಿಲಿ. ದಕ್ಷಿಣಕ್ಕೆ ಅದರ ಮೂರು ಪಟ್ಟಿಗೂ ಮಿಗಿಲಾದ ನೀರನ್ನು ದಾಟಿದರೆ ಆಫ್ರಿಕದ ತೀರ. ಅಲ್ಲಿ ಬೇಸಗೆಯೇ ಬರಗಾಲ. ನೆಲವೆಲ್ಲ ಬಿಸಿಲಿಗೆ ಬಾಡಿ ಬಿಳಿಯ ಸುಣ್ಣಗಲ್ಲು ಹೊಳೆಯುವುದು. ಶರತ್ತಿನಲ್ಲಿ ಮೊದಲ ಮಳೆ ಬಿದ್ದ ಮೇಲೆ ಹುಲ್ಲು ಚಿಗುರಿ, ಚಳಿಗಾಲದಲ್ಲಿ ದ್ವೀಪವು ಹಸುರಾಗುವುದು. ಯೂರೋಪಿನ ಚಳಿಗೆ ಹೆದರಿ ಹೊರಟ ಹಕ್ಕಿಗಳು ಅಲ್ಲಿಗೆ ಬಂದಿಳಿಯುವುದು ಈ ಕಾಲದಲ್ಲೇ. ಅವುಗಳಲ್ಲಿ ಕೆಲವು ಒಂದು ರಾತ್ರಿ ತಂಗಿ ಮುಂದೆ ಸಾಗುವ ದಾರಿಗರು. ಕೆಲವು ವಸಂತದವರೆಗೂ ಉಳಿಯುವ ಬಿಡಾರಿಗರು.

ಈ ಸಂಚಾರವನ್ನು ಗಮನವಿಟ್ಟು ನೋಡಿದ ಮೊದಲಿಗರು ಬೇಟೆಗಾರರು. ಸಿಸಿಲಿಯ ರಾಜನೂ ಚಕ್ರವರ್ತಿಯೂ ಆಗಿದ್ದು 1250ರಲ್ಲಿ ತೀರಿಕೊಂಡ ಎರಡನೆಯ ಫ್ರೆಡರಿಕನಿಗೆ ಮಾಲ್ಟಾ ಅಧೀನವಾಗಿತ್ತು. ಡೇಗೆಗಳನ್ನು ತರಲು ಅವನು ತನ್ನ ಆಳುಗಳನ್ನು ಅಲ್ಲಿಗೆ ಕಳುಹಿಸಿದ್ದುಂಟು. ಹಕ್ಕಿಗಳಿಂದ ಹಕ್ಕಿಗಳನ್ನು ಬೇಟೆಯಾಡುವ ವಿದ್ಯೆಯನ್ನು ಕುರಿತು ಅವನು ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ಗ್ರಂಥದಲ್ಲಿ ಪಕ್ಷಿಗಳ ವಲಸೆಯ ಕಾಲ, ಕಾರಣ, ಕ್ರಮಗಳ ವಿಚಾರವೂ ಅಡಕವಾಗಿದೆ. ಅರಿಸ್ಟಾಟಲನ ಮಾತು ತಾನು ಕಣ್ಣಾರೆ ಕಂಡದ್ದಕ್ಕೆ ಹೊಂದದಿದ್ದಾಗ ಅವನು ತನ್ನ ಕಣ್ಣನ್ನೇ ನಂಬಿದನು. ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಶಬ್ದಪ್ರಮಾಣಕ್ಕಿಂತ ಪ್ರತ್ಯಕ್ಷಪ್ರಮಾಣವನ್ನೇ ಮೇಲಾಗಿ ಹಿಡಿದನು.

1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನು ಸಂತ ಯೋಹಾನನ ಪಂಥದ ವೀರರಿಗೆ ಈ ದ್ವೀಪಗಳನ್ನು ದತ್ತಿಯಾಗಿ ಕೊಟ್ಟನು. ಅದಕ್ಕೆ ಅವರು ಸಲ್ಲಿಸಬೇಕಾಗಿದ್ದ ಕಾಣಿಕೆ ವರ್ಷಕ್ಕೊಂದು ಡೇಗೆ. ನವೆಂಬರ್ ತಿಂಗಳ ಮೊದಲ ದಿನ, ಸಕಲ ಸಂತರ ಹಬ್ಬದಂದು, ಅದು ಸಿಸಿಲಿಯ ರಾಜಪ್ರತಿನಿಧಿಗೆ ಮುಟ್ಟಬೇಕಾಗಿತ್ತು. ಒಂದು ರಾಜ್ಯದ ಕಪ್ಪಕ್ಕೆ ಒಂದು ಹಕ್ಕಿ ಸಾಕಾಯಿತೆಂದರೆ ಆ ಹಕ್ಕಿಗಿದ್ದ ಬೆಲೆ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು. ಆ ವೀರರ ಅಧಿಪತಿಗಳು ಬೇಟೆಗಾಗಿ ಬೆಳೆಸಿದ ಬುಸ್ಕೆಟ್ ಎಂಬ ಉಪವನವು ಇಂದಿಗೂ ಉಳಿದಿದೆ; 1586ರಲ್ಲಿ ಕಟ್ಟಿದ ವರ್ದಾಲಾ ಅರಮನೆಯು ಅದರ ಮೇಲೆ ನಿಂತಿದೆ.

ಅರಸುಗಳ ಬೇಟೆ ಹೀಗಿರಲು, ಬಡವರ ಬೇಟೆ ಬೇರೆಯಾಗಿತ್ತು. ಕಲ್ಲುನೆಲದ ಆ ದ್ವೀಪದಲ್ಲಿ ಕಡಲು ದಾಟಿ ದಣಿದು ಬಿದ್ದ ಲಾವಿಗೆಯೂ ಬೆಳವವೂ ಬಡವನ ಪಾಲಿಗೆ ದೈವದತ್ತವಾದ ಮಾಂಸ. ಕಾಳು ತಿನ್ನುವ ಸಣ್ಣ ಹಾಡುಹಕ್ಕಿಗಳನ್ನು ಮಾತ್ರ ತಿನ್ನುವುದಕ್ಕಲ್ಲ, ಪಂಜರದಲ್ಲಿಟ್ಟು ಹಾಡು ಕೇಳುವುದಕ್ಕೆ ಹಿಡಿಯುವರು. ನೆಲವನ್ನು ಹಸನುಮಾಡಿ, ಎರಡು ಕಡೆಯಿಂದ ಮುಚ್ಚಿಕೊಳ್ಳುವ ಬಲೆಗಳನ್ನು ಹಾಸಿ, ಸುತ್ತಲೂ ಸಣ್ಣ ಪಂಜರಗಳಲ್ಲಿ ದೀವದ ಹಕ್ಕಿಗಳನ್ನು ಇಡುವರು. ಪಳಗಿದ ಹಕ್ಕಿ ಕೂಗುವುದು. ಆಗಸದಲ್ಲಿ ಸಾಗುವ ಅದರ ಬಂಧುವು ಆ ಕೂಗಿಗೆ ಮರುಳಾಗಿ ಇಳಿಯುವುದು. ಬೆನ್ನಿನಲ್ಲಿ ಹೊನ್ನಿನ ಚುಕ್ಕೆಗಳುಳ್ಳ ಟಿಟ್ಟಿಭ ಕುಲದ ಹಕ್ಕಿಯನ್ನು ಬಲೆಗಾರನು ತಾನೇ ಸಿಳ್ಳಿನಿಂದ ಕರೆಯುವನು. ಯಾವ ಗಾಳಿಗೆ ಯಾವ ಹಕ್ಕಿ ಬರುವುದು, ಯಾವ ವಾರದಲ್ಲಿ ಯಾವ ಕೂಗು ಕೇಳುವುದು ಎಂಬುದೆಲ್ಲ ಅವನಿಗೆ ಕರಗತ. ಇದು ತಂದೆಯಿಂದ ಮಗನಿಗೆ ಬಂದ ವಿದ್ಯೆ; ಇದನ್ನು ಅಜ್ಞಾನವೆನ್ನುವುದು ನ್ಯಾಯವಲ್ಲ.

ಈ ವಿದ್ಯೆಯು ಶಾಸ್ತ್ರರೂಪವನ್ನು ತಳೆದುದು ಹತ್ತೊಂಬತ್ತನೆಯ ಶತಮಾನದಲ್ಲಿ. 1843ರಲ್ಲಿ ಆಂತೋನಿಯೊ ಸ್ಕೆಂಬ್ರಿ ಎಂಬ ಮಾಲ್ಟಾದ ಪಂಡಿತನು ತನ್ನ ದ್ವೀಪಗಳ ಪಕ್ಷಿಗಳ ಪಟ್ಟಿಯನ್ನು ಇಟಾಲಿಯನ್ ಭಾಷೆಯಲ್ಲಿ ಅಚ್ಚುಹಾಕಿಸಿದನು. 1864ರಲ್ಲಿ ಚಾರ್ಲ್ಸ್ ರೈಟ್ ಎಂಬ ಆಂಗ್ಲೇಯನು ಇನ್ನೊಂದು ಪಟ್ಟಿಯನ್ನು ಪ್ರಕಟಿಸಿದನು. ಆದರೂ ಆಗಿನ ಪಕ್ಷಿಶಾಸ್ತ್ರವು ಬಹುಮಟ್ಟಿಗೆ ಕೋವಿಯನ್ನೇ ನೆಚ್ಚಿಕೊಂಡಿತ್ತು; ಅಪೂರ್ವವಾದ ಹಕ್ಕಿಯನ್ನು ಕೊಂದು ತೊಗಲು ತುಂಬಿಟ್ಟರೆ ಮಾತ್ರ ಅದು ಬಂದಿತ್ತೆಂಬುದಕ್ಕೆ ಸಾಕ್ಷಿ. ಕೊಲ್ಲದೆ ಎಣಿಸುವ ಪದ್ಧತಿಗೆ ನೆಲೆ ದೊರಕಿದುದು 1962ರಲ್ಲಿ ಸ್ಥಾಪಿತವಾದ ಪಕ್ಷಿಶಾಸ್ತ್ರ ಸಂಘದಿಂದ. ಇಂದು ಅದು ಬರ್ಡ್‌ಲೈಫ್ ಮಾಲ್ಟಾ ಎಂಬ ಹೆಸರಿನಿಂದ ನಡೆಯುತ್ತಿದೆ. 1965ರಿಂದ ಅಲ್ಲಿ ಹಕ್ಕಿಗಳ ಕಾಲಿಗೆ ಹಗುರವಾದ ಉಂಗುರ ತೊಡಿಸಿ ಬಿಡುವ ಕಾರ್ಯವು ನಡೆದುಬಂದಿದೆ. ಇಲ್ಲಿಯೂ ಬಲೆ ಬೇಕು, ಹಕ್ಕಿಯ ಜಾಡು ಬಲ್ಲ ಕಣ್ಣು ಬೇಕು. ಆದರೆ ಹಿಡಿದ ಹಕ್ಕಿಯನ್ನು ಅಳೆದು, ತೂಗಿ, ಹಾರಬಿಡುವರು.

ಈ ಉಂಗುರದಿಂದಾದ ಪ್ರಯೋಜನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಚಳಿಗಾಲದಲ್ಲಿ ಕಾಣುವ ಕೆಂಪೆದೆಯ ರಾಬಿನ್ ಹಕ್ಕಿಯೂ ಬೇಸಗೆಯಲ್ಲಿ ಕಾಣುವ ಕೆಂಬಾಲದ ಹಕ್ಕಿಯೂ ಒಂದೇ, ಋತು ಬದಲಾದಂತೆ ಒಂದು ಮತ್ತೊಂದಾಗುವುದು ಎಂದು ಅರಿಸ್ಟಾಟಲನು ಬರೆದಿದ್ದನು. ಒಂದು ಮಾಯವಾದೊಡನೆ ಇನ್ನೊಂದು ತೋರುವುದರಿಂದ ಹುಟ್ಟಿದ ಭ್ರಾಂತಿ ಅದು. ಅವು ಬೇರೆ ಬೇರೆ ಜಾತಿಗಳೆಂಬುದು ಎಂದೋ ಸ್ಥಿರಪಟ್ಟಿತ್ತು. ಆದರೆ ಅದಕ್ಕಿಂತ ಸೋಜಿಗವಾದ ಸಂಗತಿಯನ್ನು ಉಂಗುರವು ತಿಳಿಸಿತು. ಮಾಲ್ಟಾದ ಒಂದು ತೋಟದಲ್ಲಿ ಚಳಿಗಾಲ ಕಳೆದ ರಾಬಿನ್ ಹಕ್ಕಿಯು ಯೂರೋಪಿಗೆ ಹೋಗಿ ಮರಿಮಾಡಿ, ಮರುವರ್ಷ ಅದೇ ತೋಟಕ್ಕೆ ಮರಳಿ ಬರುವುದುಂಟು. ಕೆಲವೇ ತೊಲ ತೂಗದ, ಅಂಗೈಯಲ್ಲಿ ಅಡಗುವ ಪ್ರಾಣಿಗೆ ಕಡಲಾಚೆಯ ಒಂದು ಬೇಲಿಯ ನೆನಪು!

ಶರತ್ತಿನ ದರ್ಶನಕ್ಕೆ ಹಿಂದೆ ಹೇಳಿದ ಬುಸ್ಕೆಟ್ ಉಪವನವೇ ಮುಖ್ಯ ಸ್ಥಾನ. ಸೆಪ್ಟೆಂಬರಿನ ಮಧ್ಯಾಹ್ನಗಳಲ್ಲಿ ಕಣಜದ ಗೂಡುಗಳನ್ನು ಕೆದಕಿ ತಿನ್ನುವ ಜೇನುಗಿಡುಗಗಳೂ ಜೌಗುನೆಲದ ಗಿಡುಗಗಳೂ ಆ ಮರಗಳ ಮೇಲೆ ಸುತ್ತಿ ಸುತ್ತಿ ಇರುಳಿಗೆ ಇಳಿಯುವುವು. ಕಾದ ನೆಲದಿಂದ ಏಳುವ ಗಾಳಿಯನ್ನೇರಿ ತೇಲುವ ಈ ಹಕ್ಕಿಗಳಿಗೆ ಕಡಲಿನ ಮೇಲೆ ಅಂತಹ ಆಧಾರವು ದೊರೆಯದು. ಆದುದರಿಂದ ನಡುನೀರಿನ ಈ ತುಂಡು ನೆಲವೂ ಅವುಗಳಿಗೆ ಛತ್ರವಾಗಿದೆ. ನವೆಂಬರ್ ಬಂದೊಡನೆ ದೃಶ್ಯವು ಬದಲಾಗುವುದು. ಗಾಡಿರಾ ಎಂಬಲ್ಲಿ ಹಿಂದೆ ಉಪ್ಪಿನಗದ್ದೆಯಾಗಿದ್ದ ಜೌಗು 1978ರಲ್ಲಿ ಪಕ್ಷಿಧಾಮವೆಂದು ಘೋಷಿತವಾಯಿತು. ಮಳೆನೀರು ತುಂಬಿದ ಆ ಕೊಳದಲ್ಲಿ ಬಾತುಗಳೂ ನೀರಕೋಳಿಗಳೂ ಮರೆಯಿಂದ ನೋಡುವವರ ಕಣ್ಣಿಗೆ ಬೀಳುವುವು.

ರಾಜಧಾನಿ ವಲೆಟ್ಟಾದಲ್ಲಿ ನ್ಯಾಯಸ್ಥಾನದ ಎದುರಿನ ಮರಗಳು ಖಂಜನಗಳ ಚಳಿಗಾಲದ ತಂಗುದಾಣವೆಂದು ಹೆಸರಾದುವು. ಹಗಲೆಲ್ಲ ಹೊಲಗಳಲ್ಲಿ ಬಾಲ ಕುಣಿಸುತ್ತ ಹುಳು ಹೆಕ್ಕಿದ ಹಕ್ಕಿಗಳು ಸಂಜೆ ದೀಪ ಹೊತ್ತುವ ಹೊತ್ತಿಗೆ ನಗರದ ನಡುವೆ ಬಂದು ಸೇರುವುವು. ಇದೇ ಜಾತಿಯ ಬಿಳಿಯ ಖಂಜನವು ಉತ್ತರದಿಂದ ನಮ್ಮ ಕನ್ನಡ ನಾಡಿನ ಕೆರೆಯಂಗಳಗಳಿಗೂ ಚಳಿಗಾಲದಲ್ಲಿ ಬರುತ್ತದೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಖಂಜನದರ್ಶನಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಯಾವ ಎಡೆಯಲ್ಲಿ ಕಂಡರೆ ಯಾವ ಫಲವೆಂದು ವಿವರಿಸಿರುವನು. ಶಕುನದ ಮಾತು ಹಾಗಿರಲಿ. ವರ್ಷದ ಮೊದಲ ಖಂಜನವನ್ನು ಕಾದು ನೋಡುವ ಅಭ್ಯಾಸವು ನಮ್ಮಲ್ಲಿಯೂ ಹಳೆಯದೆಂಬುದಕ್ಕೆ ಅದು ಸಾಕ್ಷಿ.

ಮಾಲ್ಟಾದಲ್ಲಿ ಈ ಎರಡು ಬಗೆಯ ನೋಟಗಳ ವ್ಯಾಜ್ಯವು ಇನ್ನೂ ತೀರಿಲ್ಲ. ಪಕ್ಷಿರಕ್ಷಣೆಗೆ 1980ರಲ್ಲಿ ವಿಸ್ತಾರವಾದ ನಿಯಮಗಳು ಬಂದುವು. 2004ರಲ್ಲಿ ಐರೋಪ್ಯ ಒಕ್ಕೂಟವನ್ನು ಸೇರಿದ ಮೇಲೆ ಅದರ ಕಟ್ಟಳೆಗಳೂ ಅನ್ವಯಿಸಿದುವು. 2014ರ ಸೆಪ್ಟೆಂಬರಿನಲ್ಲಿ ರಕ್ಷಿತವಾದ ಬಿಳಿಕೊಕ್ಕರೆಗಳು ಗುಂಡಿಗೆ ಬಲಿಯಾದಾಗ ಸರ್ಕಾರವೇ ಶರತ್ಕಾಲದ ಬೇಟೆಯನ್ನು ಕೆಲಕಾಲ ನಿಲ್ಲಿಸಿತು. ವಸಂತದ ಬೇಟೆಯನ್ನು ಕುರಿತು 2015ರ ಏಪ್ರಿಲ್ 11ರಂದು ನಡೆದ ಜನಮತಗಣನೆಯಲ್ಲಿ, ಅದು ಇರಲಿ ಎಂದವರು ನೂರಕ್ಕೆ 50.4, ಬೇಡವೆಂದವರು 49.6. ಶರತ್ತಿನಲ್ಲಿ ಹಾಡುಹಕ್ಕಿಗಳಿಗೆ ಬಲೆಯೊಡ್ಡಲು ಕೊಟ್ಟ ಅನುಮತಿಯು ವಿಧಿವಿರುದ್ಧವೆಂದು ಐರೋಪ್ಯ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. 2020ರಿಂದ ಸಂಶೋಧನೆಯ ಹೆಸರಿನಲ್ಲಿ ಅದಕ್ಕೆ ಮತ್ತೆ ಎಡೆಗೊಡಲಾಯಿತು. 2024ರಲ್ಲಿ ನ್ಯಾಯಾಲಯವು ಅದನ್ನೂ ಒಪ್ಪಲಿಲ್ಲ.

ಜನಮತವು ಹೆಚ್ಚುಕಡಿಮೆ ಸಮನಾಗಿ ಒಡೆದಿರುವಲ್ಲಿ ಶಾಸನವೊಂದೇ ಎಲ್ಲವನ್ನೂ ಸಾಧಿಸಲಾರದು. ಬಲೆಗಾರನ ಮಗನು ತಂದೆಯ ವಿದ್ಯೆಯನ್ನು ಬಿಡಬೇಕಾಗಿಲ್ಲ. ಅದೇ ಕಿವಿ, ಅದೇ ಕಣ್ಣು, ಅದೇ ತಾಳ್ಮೆಗಳು ಎಣಿಸುವವನಿಗೂ ಬೇಕು. ಬಿಡಬೇಕಾದುದು ಸ್ವಾಮ್ಯದ ಭಾವನೆಯನ್ನು ಮಾತ್ರ. ಬುಸ್ಕೆಟ್ಟಿನಲ್ಲಿ ಇರುಳು ತಂಗಿದ ಗಿಡುಗವು ಯಾವುದೋ ಉತ್ತರದ ಕಾಡಿನಲ್ಲಿ ಹುಟ್ಟಿ ಆಫ್ರಿಕದ ಕಾಡಿಗೆ ಹೊರಟಿರುವುದು. ಅದನ್ನು ಅಲ್ಲಿಯವರೂ ಇಲ್ಲಿಯವರೂ ಕಾಯುತ್ತಿರುವರು. ನಡುದಾರಿಯ ಮನೆಯವರಿಗೆ ಅದರ ಮೇಲಿರುವುದು ಆತಿಥೇಯನ ಹಕ್ಕು ಮಾತ್ರ. ಉಂಡು ಮಲಗಿದ ಅತಿಥಿಯನ್ನು ಬೆಳಗ್ಗೆ ಸುಖವಾಗಿ ಕಳುಹಿಸಿಕೊಡುವುದೇ ಆತಿಥೇಯನ ಧರ್ಮ.