ಆಫೀಸಿನ ಕಾಫಿ ಮೆಷಿನ್ ನಿಜಕ್ಕೂ ಉಚಿತವೇ? ಒಂದು ಕಪ್‌ನ ಅಸಲಿ ಲೆಕ್ಕ ಇಲ್ಲಿದೆ

ಸಂಕ್ಷಿಪ್ತವಾಗಿ

“ಮೆಷಿನ್ ಉಚಿತ, ಕಪ್‌ಗೆ ಬರೀ 9 ರೂಪಾಯಿ” ಎನ್ನುವಂಥ ಸಂದೇಶಗಳು ಆಫೀಸಿನ ಖರ್ಚು ನೋಡಿಕೊಳ್ಳುವವರ ಫೋನಿಗೆ ಬರುತ್ತಲೇ ಇರುತ್ತವೆ. ಇದು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ಮೆಷಿನ್‌ನ ಖರ್ಚು ಕಪ್‌ನ ದರದಲ್ಲೋ, ತಿಂಗಳಿಗೆ ಇಷ್ಟು ಕಪ್ ಕೊಳ್ಳಲೇಬೇಕು ಎಂಬ ಷರತ್ತಿನಲ್ಲೋ ಸೇರಿರುತ್ತದೆ. ನಿಮಗೆ ಒಂದು ಕಪ್ ನಿಜವಾಗಿ ಎಷ್ಟಕ್ಕೆ ಬಿತ್ತು ಎಂದು ತಿಳಿಯಬೇಕೆ? ತಿಂಗಳ ಒಟ್ಟು ಖರ್ಚನ್ನು ಜನ ನಿಜವಾಗಿ ಕುಡಿದ ಕಪ್‌ಗಳ ಸಂಖ್ಯೆಯಿಂದ ಭಾಗಿಸಿ.

ಆಫೀಸಿಗೆ ಹೊರಗಿನಿಂದ ಕಾಫಿ ಬರುವುದು ಹೇಗೆ?

ಬೆಂಗಳೂರಿನಂಥ ಊರಿನಲ್ಲಿ ಸಾಮಾನ್ಯವಾಗಿ ಮೂರು ದಾರಿಗಳಿವೆ.

1. ಪ್ರೀಮಿಕ್ಸ್ ಮೆಷಿನ್: ಕಾಫಿ, ಹಾಲಿನ ಪುಡಿ, ಸಕ್ಕರೆ ಮೊದಲೇ ಬೆರೆಸಿದ ಪುಡಿಗೆ ಮೆಷಿನ್ ಬಿಸಿನೀರು ಸೇರಿಸುತ್ತದೆ.

2. ಬೀಜದಿಂದ ಕಾಫಿ ಮಾಡುವ ಮೆಷಿನ್: ಹುರಿದ ಬೀಜವನ್ನು ಆಗಲೇ ಪುಡಿ ಮಾಡಿ, ತಾಜಾ ಹಾಲಿನ ಜೊತೆ ಕೊಡುತ್ತದೆ. ರುಚಿ ಚೆನ್ನ, ಬಾಡಿಗೆಯೂ ಹೆಚ್ಚು, ತೊಳೆಯುವ ಕೆಲಸವೂ ಹೆಚ್ಚು.

3. ಫ್ಲಾಸ್ಕ್ ಕಾಫಿ: ಹತ್ತಿರದ ಹೋಟೆಲಿನವರೋ ಸಣ್ಣ ಉದ್ಯಮಿಗಳೋ ಬೆಳಿಗ್ಗೆ, ಮಧ್ಯಾಹ್ನ ಫಿಲ್ಟರ್ ಕಾಫಿ ತಂದುಕೊಡುತ್ತಾರೆ. ಮೆಷಿನ್ ಇಲ್ಲ, ಬಾಡಿಗೆಯೂ ಇಲ್ಲ. ಆದರೆ ನಡುವೆ ಬೇಕೆಂದಾಗ ಸಿಗುವುದಿಲ್ಲ.

ಇವುಗಳಲ್ಲಿ ಯಾವುದು ಅಗ್ಗ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ನಿಮ್ಮಲ್ಲಿ ದಿನಕ್ಕೆ ಎಷ್ಟು ಕಪ್ ಖರ್ಚಾಗುತ್ತದೆ ಎಂಬುದರ ಮೇಲೆ ಅದು ನಿಂತಿದೆ.

ಮೊದಲು ಎಣಿಸಬೇಕಾದ್ದು ಏನು?

ಬಹಳ ಕಡೆ ಬಜೆಟ್ ತಪ್ಪುವುದು ಇಲ್ಲೇ. ವೆಂಡರ್ ಕೇಳುವ ಮೊದಲ ಪ್ರಶ್ನೆ, “ಎಷ್ಟು ಜನ ಇದ್ದೀರಿ ಸಾರ್?” ನಾವು ಹಾಜರಿ ಪುಸ್ತಕದ ಸಂಖ್ಯೆ ಹೇಳಿಬಿಡುತ್ತೇವೆ. ಆದರೆ ಹಾಜರಿ ಪುಸ್ತಕ ಕಾಫಿ ಕುಡಿಯುವುದಿಲ್ಲ!

ಒಂದು ಉದಾಹರಣೆ ನೋಡೋಣ. ಇಲ್ಲಿನ ಸಂಖ್ಯೆಗಳೂ ದರಗಳೂ ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಆಫೀಸಿನ ಸಂಖ್ಯೆಗಳನ್ನು ಅದೇ ಜಾಗದಲ್ಲಿ ಹಾಕಿ ನೋಡಿ.

ಆಫೀಸಿನಲ್ಲಿ 60 ನೌಕರರಿದ್ದಾರೆ. ಮನೆಯಿಂದ ಕೆಲಸ, ರಜೆ, ಹೊರಗಿನ ಓಡಾಟ ಎಲ್ಲ ಕಳೆದರೆ ದಿನಕ್ಕೆ ಸರಾಸರಿ 40 ಜನ ಬರುತ್ತಾರೆ. ಸೆಕ್ಯುರಿಟಿ ಮತ್ತು ಸ್ವಚ್ಛತೆಯ ಕೆಲಸದವರು 6 ಜನ. ಭೇಟಿಗೆ ಬರುವವರು ಸುಮಾರು 4. ಒಟ್ಟು 50. ಇವರಲ್ಲಿ 10 ಜನ ಕಾಫಿ ಮುಟ್ಟುವುದಿಲ್ಲ ಎನ್ನೋಣ. ಉಳಿದ 40 ಜನ ಸರಾಸರಿ ಎರಡು ಕಪ್ ಕುಡಿದರೆ ದಿನಕ್ಕೆ 80 ಕಪ್. ತಿಂಗಳಿಗೆ 22 ಕೆಲಸದ ದಿನವಾದರೆ 1,760 ಕಪ್.

ಇದೇ ಆಫೀಸನ್ನು “60 ಜನ, ತಲಾ 3 ಕಪ್, 22 ದಿನ” ಎಂದು ಲೆಕ್ಕ ಹಾಕಿದರೆ 3,960 ಕಪ್ ಬರುತ್ತದೆ. ಎರಡರ ನಡುವೆ ದುಪ್ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ಹಾಗಾಗಿ ಕೊಟೇಷನ್ ಕೇಳುವ ಮೊದಲು ಎರಡು ವಾರ ಎಣಿಸಿ. ಕಾಫಿ ಇಡುವ ಕಡೆ ಒಂದು ಹಾಳೆ ಅಂಟಿಸಿ, ಕಪ್ ತೆಗೆದುಕೊಂಡವರು ಒಂದು ಗೆರೆ ಎಳೆದರೆ ಸಾಕು. ಸೋಮವಾರಕ್ಕೂ ಶುಕ್ರವಾರಕ್ಕೂ ಎಷ್ಟು ವ್ಯತ್ಯಾಸ ಎಂಬುದೂ ಗೊತ್ತಾಗುತ್ತದೆ. ಟೀ ಕುಡಿಯುವವರನ್ನು ಬೇರೆಯಾಗಿ ಎಣಿಸಿ.

‘ಮೆಷಿನ್ ಉಚಿತ’ ಎಂದರೆ ಏನರ್ಥ?

ಈಗ ಮೇಲಿನ ಆಫೀಸಿಗೆ ಮೂರು ಕೊಟೇಷನ್ ಬಂದಿವೆ ಎಂದುಕೊಳ್ಳಿ.

ಮೊದಲನೆಯದು: ಮೆಷಿನ್ ಉಚಿತ, ಕಪ್‌ಗೆ 9 ರೂ., ಆದರೆ ತಿಂಗಳಿಗೆ ಕನಿಷ್ಠ 3,000 ಕಪ್‌ನ ಹಣ ಕೊಡಲೇಬೇಕು. ಬಿಲ್ 27,000 ರೂ. ನೀವು ಕುಡಿದದ್ದು 1,760 ಕಪ್. ಅಂದರೆ ಕಪ್‌ಗೆ 15.34 ರೂ.

ಎರಡನೆಯದು: ಮೆಷಿನ್ ಬಾಡಿಗೆ 2,500 ರೂ., ಕಪ್‌ಗೆ 11 ರೂ., ಕನಿಷ್ಠ ಷರತ್ತಿಲ್ಲ. ಬಿಲ್ 21,860 ರೂ. ಕಪ್‌ಗೆ 12.42 ರೂ.

ಮೂರನೆಯದು: ಫ್ಲಾಸ್ಕ್ ಕಾಫಿ, ಕಪ್‌ಗೆ 13 ರೂ., ಬೇರೇನೂ ಇಲ್ಲ. ಬಿಲ್ 22,880 ರೂ.

ಫೋನಿನಲ್ಲಿ ನೋಡುವಾಗ ಎಲ್ಲಕ್ಕಿಂತ ಅಗ್ಗವಾಗಿ ಕಂಡ 9 ರೂಪಾಯಿಯ ಕಾಫಿಯೇ ಎಲ್ಲಕ್ಕಿಂತ ದುಬಾರಿ. ಯಾರೂ ಕುಡಿಯದ 1,240 ಕಪ್‌ಗೆ ಪ್ರತಿ ತಿಂಗಳೂ ಹಣ ಹೋಗುತ್ತಿದೆ.

ಇದನ್ನು ಮೋಸ ಎನ್ನುವಂತಿಲ್ಲ. ವೆಂಡರ್ ಮೆಷಿನ್‌ಗೆ ಬಂಡವಾಳ ಹಾಕಿದ್ದಾನೆ, ಅದು ಹೇಗಾದರೂ ವಾಪಸ್ ಬರಬೇಕು. ನಿಮ್ಮಲ್ಲಿ ನಿಜವಾಗಿ 3,000 ಕಪ್ ಖರ್ಚಾಗುವುದಾದರೆ ಮೊದಲನೆಯ ಕೊಟೇಷನ್ನೇ ಲಾಭ. ಪ್ರಶ್ನೆ ಇರುವುದು ಷರತ್ತು ಸರಿಯೇ ತಪ್ಪೇ ಎಂದಲ್ಲ, ಅದು ನಿಮ್ಮ ಆಫೀಸಿಗೆ ಹೊಂದುತ್ತದೆಯೇ ಎಂದು.

ಕೊಟೇಷನ್‌ನಲ್ಲಿ ಕಾಣದ ಖರ್ಚುಗಳು ಯಾವುವು?

ಕಪ್‌ನ ಅಳತೆ: ಒಬ್ಬರ ಕಪ್ 80 ಮಿಲಿಲೀಟರ್, ಇನ್ನೊಬ್ಬರದ್ದು 120 ಇರಬಹುದು. ಅಳತೆ ಕೇಳದೆ ದರ ಹೋಲಿಸಿ ಪ್ರಯೋಜನವಿಲ್ಲ. ಬೈ-ಟು ಅಭ್ಯಾಸ ಇರುವ ಕಡೆ ಇನ್ನೊಂದು ಪ್ರಶ್ನೆ: ಅರ್ಧ ಕಪ್ ಒತ್ತಿದರೆ, ಬರೀ ಬಿಸಿನೀರು ತೆಗೆದುಕೊಂಡರೆ ಮೆಷಿನ್ ಅದನ್ನೂ ಒಂದು ಪೂರ್ತಿ ಕಪ್ ಎಂದು ಎಣಿಸುತ್ತದೆಯೇ?

ನೀರು: 100 ಮಿಲಿಲೀಟರ್‌ನ 80 ಕಪ್‌ಗೆ ದಿನಕ್ಕೆ 8 ಲೀಟರ್. ಮೆಷಿನ್ ತೊಳೆಯಲು ಇನ್ನಷ್ಟು. 20 ಲೀಟರ್ ಕ್ಯಾನ್ ಎರಡು ದಿನಕ್ಕೆ ಒಂದು ಬೇಕಾಗುತ್ತದೆ. ಇದರ ಹಣ ಯಾರದ್ದು?

ತೊಳೆಯುವ ಕೆಲಸ: ಹಾಲು ಹರಿಯುವ ಕೊಳವೆಯಲ್ಲಿ ಉಳಿದ ಅಂಶ ಬ್ಯಾಕ್ಟೀರಿಯಾ ಬೆಳೆಯಲು ಒಳ್ಳೆಯ ಜಾಗ. ತಾಜಾ ಹಾಲಿನ ಮೆಷಿನ್ ಅನ್ನು ಪ್ರತಿದಿನ ತೊಳೆಯಬೇಕು. ಯಾರು, ಯಾವಾಗ, ಯಾವ ದ್ರಾವಣದಿಂದ ತೊಳೆಯುತ್ತಾರೆ ಎಂಬುದು ಒಪ್ಪಂದದಲ್ಲಿ ಬರೆದಿರಲಿ.

ಜಿಎಸ್‌ಟಿ: ಆಹಾರ, ಪಾನೀಯಕ್ಕೆ ಕಂಪನಿ ಕಟ್ಟಿದ ಜಿಎಸ್‌ಟಿಗೆ ಸಾಮಾನ್ಯವಾಗಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5) ಅದನ್ನು ತಡೆಯುತ್ತದೆ. ನೌಕರರಿಗೆ ಒದಗಿಸಲೇಬೇಕು ಎಂದು ಬೇರೊಂದು ಕಾನೂನು ಕಡ್ಡಾಯ ಮಾಡಿರುವಾಗ ಮಾತ್ರ ರಿಯಾಯಿತಿ ಇದೆ. ಆದ್ದರಿಂದ “ತೆರಿಗೆ ವಾಪಸ್ ಬರುತ್ತೆ ಬಿಡಿ” ಎಂಬ ಮಾತು ನಂಬದೆ, ತೆರಿಗೆ ಸೇರಿಸಿಯೇ ಬಜೆಟ್ ಹಾಕಿ.

ಪೇಪರ್ ಕಪ್: ಪ್ಲಾಸ್ಟಿಕ್ ಕಪ್ ಸೇರಿದಂತೆ ಹಲವು ಏಕಬಳಕೆ ಪ್ಲಾಸ್ಟಿಕ್ ವಸ್ತುಗಳು 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾಗಿವೆ. ಪೇಪರ್ ಕಪ್‌ನ ಒಳಗೂ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಐಐಟಿ ಖರಗ್‌ಪುರದ ಸಂಶೋಧಕರು 100 ಮಿಲಿಲೀಟರ್ ಬಿಸಿನೀರನ್ನು ಇಂಥ ಕಪ್‌ನಲ್ಲಿ 15 ನಿಮಿಷ ಇಟ್ಟಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುಗಡೆಯಾದವು. “ಪೇಪರ್ ಕಪ್‌ನಲ್ಲಿ ಕುಡಿದರೆ ಕ್ಯಾನ್ಸರ್ ಖಚಿತ” ಎಂಬ ಮೆಸೇಜುಗಳಿಗೆ ಇದು ಪುರಾವೆಯಲ್ಲ. ಆ ಅಧ್ಯಯನ ಅಳೆದದ್ದು ಕಣಗಳನ್ನು, ಕಾಯಿಲೆಯನ್ನಲ್ಲ. ಆದರೂ ಸ್ಟೀಲ್ ಲೋಟವೋ ಸ್ವಂತ ಮಗ್ಗೋ ಇದ್ದರೆ ತಿಂಗಳಿಗೆ 1,760 ಕಪ್ ಕಸವೂ ತಪ್ಪುತ್ತದೆ, ಅದರ ಖರ್ಚೂ ಉಳಿಯುತ್ತದೆ.

ಅಗ್ಗದ ಕಾಫಿ ಯಾಕೆ ಅಗ್ಗ?

ಪ್ಯಾಕೆಟ್ ಓದಿದರೆ ಉತ್ತರ ಸಿಗುತ್ತದೆ. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ. 51ರಷ್ಟು ಕಾಫಿ ಇರಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಮುದ್ರಿಸಬೇಕು. ಚಿಕೋರಿ ವಿಷವಲ್ಲ, ಕಲಬೆರಕೆಯೂ ಅಲ್ಲ. ಅದೊಂದು ಗಿಡದ ಹುರಿದ ಬೇರು. ಡಿಕಾಕ್ಷನ್‌ಗೆ ಬಣ್ಣ, ಮಂದ ಎರಡನ್ನೂ ಕೊಡುತ್ತದೆ, ಕಾಫಿಗಿಂತ ಅಗ್ಗ. ಒಬ್ಬರು 80:20, ಇನ್ನೊಬ್ಬರು 53:47 ಕೊಡುತ್ತಿದ್ದರೆ ಅವರ ದರಗಳನ್ನು ಹಾಗೇ ಹೋಲಿಸುವುದು ಸರಿಯಲ್ಲ.

ಪ್ರೀಮಿಕ್ಸ್‌ನಲ್ಲಿ ಸಕ್ಕರೆಯನ್ನೂ ನೋಡಿ. ಯಾವ ಪದಾರ್ಥದ ತೂಕ ಹೆಚ್ಚೋ ಅದು ಪಟ್ಟಿಯಲ್ಲಿ ಮೊದಲು ಬರಬೇಕೆಂಬುದು ನಿಯಮ. ಮೊದಲ ಹೆಸರೇ ಸಕ್ಕರೆಯಾಗಿದ್ದರೆ ನೀವು ಮುಖ್ಯವಾಗಿ ಕೊಳ್ಳುತ್ತಿರುವುದು ಸಕ್ಕರೆ. ಮಧುಮೇಹ ಇರುವವರಿಗೆ ಅಂಥ ಮೆಷಿನ್‌ನಲ್ಲಿ ಆಯ್ಕೆಯೇ ಇರುವುದಿಲ್ಲ. ಸಕ್ಕರೆ ಬೇರೆ ಇಡುವ ವ್ಯವಸ್ಥೆ ಕೇಳಿ.

ಈ ವರ್ಷದ ದರ ಮುಂದಿನ ವರ್ಷವೂ ಇರುತ್ತದೆಯೇ?

ಇರುತ್ತದೆ ಎಂದುಕೊಳ್ಳಬೇಡಿ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲೇ ಬೆಳೆದರೂ ಬೆಲೆ ನಮ್ಮ ಕೈಯಲ್ಲಿಲ್ಲ. ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ಇಲ್ಲಿನ ಬೆಲೆಯೂ ಏರುತ್ತದೆ. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡ್‌ಗೆ 4 ಡಾಲರ್ ದಾಟಿ ದಾಖಲೆ ಬರೆಯಿತು. ಅದೇ ವರ್ಷ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರ್‌ಗೆ 4 ರೂ. ಹೆಚ್ಚಾಯಿತು. ಕಾಫಿ, ಹಾಲು ಎರಡೂ ಒಟ್ಟಿಗೆ ಏರಿದರೆ ಯಾವ ವೆಂಡರ್‌ಗೂ ಹಳೆಯ ದರ ಕಟ್ಟುಬೀಳುವುದಿಲ್ಲ. ಆಗ ಆತ ದರ ಏರಿಸುತ್ತಾನೆ, ಇಲ್ಲವೇ ಹಾಲು ತೆಳುವಾಗುತ್ತದೆ. ದರ ಎಷ್ಟು ತಿಂಗಳಿಗೊಮ್ಮೆ, ಯಾವ ಆಧಾರದ ಮೇಲೆ ಬದಲಾಗಬಹುದು ಎಂದು ಮೊದಲೇ ಬರೆಸಿಕೊಳ್ಳಿ. ವರ್ಷದ ಬಜೆಟ್‌ನಲ್ಲಿ ಶೇ. 10ರಷ್ಟು ಮೀಸಲಿಡಿ.

ಹೆಚ್ಚು ಕಾಫಿ ಕೊಟ್ಟರೆ ಹೆಚ್ಚು ಕೆಲಸವಾಗುತ್ತದೆಯೇ?

ಕೆಫೀನ್ ಎಚ್ಚರ ಹೆಚ್ಚಿಸುವುದು ನಿಜ. ಹಾಗೆಂದು ಹೆಚ್ಚು ಕುಡಿದಷ್ಟೂ ಹೆಚ್ಚು ಲಾಭ ಎನ್ನುವುದು ತಪ್ಪು. ಐಸಿಎಂಆರ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು ಎನ್ನುತ್ತದೆ. ಅದರ ಪ್ರಕಾರ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಮಿಲಿಗ್ರಾಂ ಇರುತ್ತದೆ. ಊಟದ ಒಂದು ಗಂಟೆ ಮೊದಲು ಮತ್ತು ನಂತರ ಕಾಫಿ, ಟೀ ಬೇಡ ಎಂದೂ ಅದು ಹೇಳುತ್ತದೆ. ಅವುಗಳಲ್ಲಿನ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ರಕ್ತಹೀನತೆ ಇರುವವರಿಗೆ ಇದು ಮುಖ್ಯ.

ಅಂದರೆ ತಲಾ ಎರಡು ಕಪ್‌ನ ಬಜೆಟ್ ಜಿಪುಣತನವಲ್ಲ. ಬೆಳಿಗ್ಗೆ ಒಂದು, ಊಟವಾಗಿ ಒಂದು ಗಂಟೆ ಕಳೆದ ಮೇಲೆ ಇನ್ನೊಂದು. ಸಂಜೆ ತಡವಾಗಿ ಕುಡಿದರೆ ರಾತ್ರಿಯ ನಿದ್ದೆಗೆ ತೊಂದರೆ, ಏಕೆಂದರೆ ದೇಹಕ್ಕೆ ಸೇರಿದ ಕೆಫೀನ್‌ನ ಅರ್ಧ ಭಾಗ ಕರಗಲು ಸುಮಾರು ಐದು ಗಂಟೆ ಬೇಕು.

ಲೆಕ್ಕದಿಂದ ಯಾರನ್ನು ಬಿಡುತ್ತಿದ್ದೇವೆ?

ಬಜೆಟ್ ಮೀರಿದಾಗ ಕೆಲವು ಕಡೆ ಮೆಷಿನ್ ಪಕ್ಕ “ಕಂಪನಿ ನೌಕರರಿಗೆ ಮಾತ್ರ” ಎಂಬ ಬೋರ್ಡು ಬರುತ್ತದೆ. ಗೇಟಿನಲ್ಲಿ ನಿಂತವರು, ನೆಲ ಒರೆಸುವವರು, ಅದೇ ಮೆಷಿನ್ ತೊಳೆಯುವವರು ಹೊರಗುಳಿಯುತ್ತಾರೆ.

ನಮ್ಮ ಉದಾಹರಣೆಯಲ್ಲಿ ಆ ಆರು ಜನರೂ ದಿನಕ್ಕೆ ಎರಡು ಕಪ್ ಕುಡಿದರೆ ತಿಂಗಳಿಗೆ 264 ಕಪ್. ಎರಡನೆಯ ಕೊಟೇಷನ್‌ನ ದರದಲ್ಲಿ 2,904 ರೂ. ಮೊದಲನೆಯ ಕೊಟೇಷನ್ ಒಪ್ಪಿಕೊಂಡ ಆಫೀಸು ಯಾರೂ ಕುಡಿಯದ 1,240 ಕಪ್‌ಗೆ ಹಣ ಕಟ್ಟುತ್ತಾ, ಈ 264 ಕಪ್ ಉಳಿಸಲು ಬೋರ್ಡು ಹಾಕಿದರೆ ಅದಕ್ಕೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಕನಿಷ್ಠ ಷರತ್ತಿನ ಬಿಲ್ ಹೇಗೂ 27,000 ರೂಪಾಯಿಯೇ.

ಇನ್ನೊಬ್ಬರೂ ಇದ್ದಾರೆ: ಇಷ್ಟು ದಿನ ಕಾಫಿ ಮಾಡಿಕೊಡುತ್ತಿದ್ದವರು. ಮೆಷಿನ್ ಬಂದ ಮೇಲೂ ಪುಡಿ ತುಂಬಲು, ತೊಳೆಯಲು, ಕಸ ಎತ್ತಲು ಜನ ಬೇಕು. ಅವರ ಸಂಬಳವನ್ನು “ಉಳಿತಾಯ” ಎಂದು ತೋರಿಸುವ ಕೊಟೇಷನ್ ಬಂದರೆ ಆ ಕೆಲಸ ಯಾರ ಹೆಗಲಿಗೆ ಹೋಗುತ್ತದೆ ಎಂದು ಕೇಳಿ. ವೆಂಡರ್ ತನ್ನ ಆಳನ್ನು ಕಳಿಸುವುದಾದರೆ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಸರಿಯಾಗಿ ಕೊಡುತ್ತಿದ್ದಾನೆಯೇ ಎಂದು ನೋಡಿ. ಗುತ್ತಿಗೆದಾರ ವೇತನ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಿಂದಲೂ ಇರುವ ತತ್ವ.

ಸಹಿ ಹಾಕುವ ಮುನ್ನ ಕೇಳಬೇಕಾದ 8 ಪ್ರಶ್ನೆಗಳು

1. ತಿಂಗಳಿಗೆ ಕನಿಷ್ಠ ಎಷ್ಟು ಕಪ್‌ನ ಹಣ ಕೊಡಬೇಕು? ಉಳಿದ ಕಪ್ ಮುಂದಿನ ತಿಂಗಳಿಗೆ ಸೇರುತ್ತದೆಯೇ?
2. ಒಂದು ಕಪ್ ಎಂದರೆ ಎಷ್ಟು ಮಿಲಿಲೀಟರ್?
3. ದರದಲ್ಲಿ ಜಿಎಸ್‌ಟಿ, ಹಾಲು, ಸಕ್ಕರೆ, ನೀರು ಸೇರಿವೆಯೇ?
4. ಕಾಫಿ-ಚಿಕೋರಿ ಪ್ರಮಾಣ ಎಷ್ಟು?
5. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಯಾವುದು?
6. ಮೆಷಿನ್ ಕೆಟ್ಟರೆ ಎಷ್ಟು ಗಂಟೆಯೊಳಗೆ ಬರುತ್ತೀರಿ? ಆ ದಿನಗಳ ಕಪ್ ಕನಿಷ್ಠ ಲೆಕ್ಕದಿಂದ ಕಳೆಯುತ್ತೀರಾ?
7. ಠೇವಣಿ ಎಷ್ಟು, ಯಾವಾಗ ವಾಪಸ್?
8. ಬೇಡವೆಂದರೆ ಎಷ್ಟು ದಿನ ಮೊದಲು ತಿಳಿಸಬೇಕು?

ಒಂದು ತಿಂಗಳು ಪ್ರಯೋಗಕ್ಕೆ ಇಟ್ಟು ನೋಡಿ, ಆಮೇಲೆ ವರ್ಷದ ಒಪ್ಪಂದಕ್ಕೆ ಹೋಗಿ.

ಹಾಗಾದರೆ ನಿಜವೇನು?

“ಮೆಷಿನ್ ಉಚಿತ” ಎಂಬ ಹೇಳಿಕೆ ಜನರನ್ನು ತಪ್ಪು ದಾರಿಗೆ ಎಳೆಯುವಂಥದ್ದು. ಮೆಷಿನ್‌ನ ಹಣವನ್ನು ನೀವು ಬೇರೆ ಹೆಸರಿನಲ್ಲಿ ಕೊಡುತ್ತೀರಿ. ಕಪ್‌ನ ದರ ನೋಡಿ ತೀರ್ಮಾನ ಮಾಡಬೇಡಿ. ಎರಡು ವಾರ ಎಣಿಸಿ, ಗೇಟಿನವರನ್ನೂ ಸೇರಿಸಿಯೇ ಎಣಿಸಿ, ಒಟ್ಟು ಖರ್ಚನ್ನು ಕುಡಿದ ಕಪ್‌ಗಳಿಂದ ಭಾಗಿಸಿ. ನಿಮ್ಮ ಆಫೀಸಿನ ಗ್ರೂಪಿಗೆ ಮುಂದಿನ ಸಲ ಅಂಥ ಜಾಹೀರಾತು ಬಂದಾಗ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: “ಕನಿಷ್ಠ ಎಷ್ಟು ಕಪ್?”