ಮುಟ್ಟಿಗೆ ಮುಂಚಿನ ವಾರಕ್ಕೆ ಹೆಸರು ಬಂದ ಕಥೆ

ಮುಟ್ಟಿಗೆ ನಮ್ಮಲ್ಲಿ ಹೆಸರುಗಳ ಕೊರತೆಯಿಲ್ಲ. ‘ಹೊರಗೆ ಕೂತಿದ್ದಾಳೆ’, ‘ದೂರ ಇದ್ದಾಳೆ’ ಎನ್ನುತ್ತೇವೆ. ಮಕ್ಕಳು ಕೇಳಿದರೆ ‘ಕಾಗೆ ಮುಟ್ಟಿದೆ’ ಎಂದು ಸುಮ್ಮನಾಗಿಸುತ್ತೇವೆ. ಇಲ್ಲಿ ವಿಲೆ ಪಾರ್ಲೆಯಲ್ಲಿ ಪಕ್ಕದ ಮರಾಠಿ ಮನೆಗಳಲ್ಲೂ ಅದೇ ಕಾಗೆ: ‘ಕಾವಳಾ ಶಿವಲಾ’. ಆದರೆ ಮುಟ್ಟಿಗೆ ಮುಂಚಿನ ಆ ಒಂದು ವಾರವಿದೆಯಲ್ಲ, ಅದಕ್ಕೆ ನಾನು ಕೇಳಿ ಬೆಳೆದ ಮಾತಿನಲ್ಲಿ ಹೆಸರೇ ಇರಲಿಲ್ಲ. ಸಿಡುಕು, ಕಾರಣವಿಲ್ಲದ ಅಳು, ಹೊಟ್ಟೆ ಉಬ್ಬರ, ಮೊಲೆಗಳ ನೋವು, ತಲೆನೋವು, ಬಾರದ ನಿದ್ದೆ ಎಲ್ಲವೂ ಇದ್ದವು. ಹೆಸರಿಲ್ಲದ ಕಾರಣ ಅವನ್ನೆಲ್ಲ ಹೆಣ್ಣಿನ ಸ್ವಭಾವದ ಲೆಕ್ಕಕ್ಕೆ ಬರೆಯಲಾಗುತ್ತಿತ್ತು. ‘ಅವಳದು ಮೊದಲಿನಿಂದಲೂ ಹಾಗೆಯೇ’ ಎಂದರೆ ಮುಗಿಯಿತು.

ವೈದ್ಯಕೀಯದಲ್ಲಿ ಈ ತೊಂದರೆಗೆ ಹೆಸರು ಬಂದು ಇನ್ನೂ ನೂರು ವರ್ಷ ಆಗಿಲ್ಲ. 1931ರಲ್ಲಿ ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ರಾಬರ್ಟ್ ಫ್ರಾಂಕ್ ತಮ್ಮ ರೋಗಿಗಳನ್ನು ಗಮನಿಸಿ ಇದನ್ನು ‘ಪ್ರಿಮೆನ್‌ಸ್ಟ್ರುವಲ್ ಟೆನ್ಷನ್’ ಎಂದು ಕರೆದರು. ಹಾರ್ಮೋನಿನ ಏರುಪೇರೇ ಕಾರಣ ಎಂಬುದು ಅವರ ವಾದ. ಅದೇ ವರ್ಷ ಬರ್ಲಿನ್ನಿನಲ್ಲಿ ಮನೋವಿಶ್ಲೇಷಕಿ ಕರೆನ್ ಹಾರ್ನೈ ಮುಟ್ಟಿನ ಮುಂಚಿನ ಮನಸ್ಸಿನ ಏರಿಳಿತದ ಬಗ್ಗೆ ಬರೆದರು. ಒಬ್ಬರು ದೇಹದ ಕಡೆಯಿಂದ ನೋಡಿದರು, ಇನ್ನೊಬ್ಬರು ಮನಸ್ಸಿನ ಕಡೆಯಿಂದ. ಆ ಎಳೆದಾಟ ಇಂದಿಗೂ ಪೂರ್ತಿ ನಿಂತಿಲ್ಲ.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದವರು ಇಂಗ್ಲೆಂಡಿನ ವೈದ್ಯೆ ಕ್ಯಾಥರೀನಾ ಡಾಲ್ಟನ್. ತಮ್ಮನ್ನು ಕಾಡುತ್ತಿದ್ದ ಮೈಗ್ರೇನ್ ತಲೆನೋವು ಬಸುರಿನಲ್ಲಿ ಮಾಯವಾದದ್ದನ್ನು ಅವರು ಗಮನಿಸಿದರು. ಅಲ್ಲಿಂದ ಹುಡುಕಾಟ ಶುರುವಾಯಿತು. 1953ರಲ್ಲಿ ರೇಮಂಡ್ ಗ್ರೀನ್ ಜೊತೆ ಬರೆದ ಲೇಖನದಲ್ಲಿ ‘ಪ್ರಿಮೆನ್‌ಸ್ಟ್ರುವಲ್ ಸಿಂಡ್ರೋಮ್’ ಎಂಬ ಹೆಸರನ್ನು ಬಳಸಿದರು. ಅದೇ ಇಂದಿನ ಪಿಎಂಎಸ್. ಅವರು ನೆಚ್ಚಿದ್ದ ಪ್ರೊಜೆಸ್ಟರಾನ್ ಚಿಕಿತ್ಸೆ ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಆದರೆ ಅವರ ವಿಧಾನ ನಿಂತಿತು: ಹೆಣ್ಣು ತನ್ನ ತೊಂದರೆಯನ್ನು ದಿನಾಂಕ ಹಾಕಿ ತಾನೇ ಬರೆದಿಡಬೇಕು, ವೈದ್ಯರು ಆ ಬರಹವನ್ನು ಪುರಾವೆ ಎಂದು ಒಪ್ಪಬೇಕು. ಪಿಎಂಎಸ್ ಪತ್ತೆಹಚ್ಚಲು ರಕ್ತ ಪರೀಕ್ಷೆಯಾಗಲೀ ಸ್ಕ್ಯಾನ್ ಆಗಲೀ ಇವತ್ತಿಗೂ ಇಲ್ಲ. ಕನಿಷ್ಠ ಎರಡು ತಿಂಗಳ ದಿನಚರಿಯೇ ಪರೀಕ್ಷೆ.

ಹೆಸರು ಸಿಕ್ಕಿದ್ದರಿಂದ ಬರೀ ಒಳ್ಳೆಯದೇ ಆಯಿತು ಎನ್ನುವಂತಿಲ್ಲ. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಆರೋಪಿ ಮಹಿಳೆಯರ ಶಿಕ್ಷೆ ಕಡಿಮೆ ಮಾಡಿಸಲು ಪಿಎಂಎಸ್ ವಾದವನ್ನು ಮಂಡಿಸಲಾಯಿತು. ಡಾಲ್ಟನ್ ಸಾಕ್ಷಿ ಹೇಳಿದರು. ಹಾಗಿದ್ದರೆ ಹೆಣ್ಣಿನ ಕೈಗೆ ಜವಾಬ್ದಾರಿ ಕೊಡಬಹುದೇ ಎಂಬ ಚರ್ಚೆ ಬೆನ್ನಿಗೇ ಬಂತು. ಮಹಿಳಾ ಚಳವಳಿಯ ಹಲವರು ಈ ಹೆಸರನ್ನೇ ಅನುಮಾನದಿಂದ ನೋಡಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಐಟಿ ಮೀಟಿಂಗಿನಲ್ಲಿ ಹುಡುಗಿಯೊಬ್ಬಳು ಗಟ್ಟಿಯಾಗಿ ಪ್ರಶ್ನೆ ಕೇಳಿದರೆ, ‘ಪಿಎಂಎಸ್ ಇರಬೇಕು’ ಎಂಬ ಪಿಸುಮಾತು ಈಗಲೂ ಕಿವಿಗೆ ಬೀಳುತ್ತದೆ. ಅಜ್ಜಿಯ ಕಾಲದಲ್ಲಿ ಹೆಸರಿಲ್ಲದೆ ನಮ್ಮ ಮಾತನ್ನು ತಳ್ಳಿಹಾಕುತ್ತಿದ್ದರು; ಈಗ ಹೆಸರಿಟ್ಟು ತಳ್ಳಿಹಾಕುತ್ತಾರೆ.

ಕನ್ನಡದಲ್ಲಿ ಹೆಣ್ಣಿನ ದೇಹದ ಬಗ್ಗೆ ಸಂಕೋಚವಿಲ್ಲದೆ ಬರೆದ ವೈದ್ಯೆ ಎಂದರೆ ಮೊದಲು ನೆನಪಾಗುವುದು ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ (1934–1991). ಕಾದಂಬರಿಗಳ ಜೊತೆಗೇ ‘ಕೇಳು ಕಿಶೋರಿ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂಥ ಪುಸ್ತಕಗಳನ್ನು ಕೊಟ್ಟರು. ಹೆಣ್ಣುಮಕ್ಕಳು ಅಮ್ಮನನ್ನೂ ಕೇಳಲು ನಾಚುತ್ತಿದ್ದ ವಿಷಯಗಳು ಅವರಿಂದಾಗಿ ನಮ್ಮದೇ ಭಾಷೆಯಲ್ಲಿ ಅಚ್ಚಾದವು. ಇಂಗ್ಲಿಷ್ ಹೆಸರು ಬಂದಷ್ಟಕ್ಕೆ ಅರಿವು ಮನೆಯೊಳಗೆ ಬರುವುದಿಲ್ಲ, ಅಂಥವರು ಅದನ್ನು ಕೈಹಿಡಿದು ಕರೆತರಬೇಕಾಗುತ್ತದೆ.

1998ರಲ್ಲಿ ಅಮೆರಿಕದ ಸಂಶೋಧಕರು ಒಂದು ಗಂಟು ಬಿಡಿಸಿದರು. ಪಿಎಂಎಸ್ ಇರುವವರ ಹಾರ್ಮೋನ್ ಪ್ರಮಾಣ ಸಾಮಾನ್ಯವಾಗಿ ಸಹಜವೇ. ಸಹಜ ಏರಿಳಿತಕ್ಕೆ ಅವರ ಮೆದುಳು ಹೆಚ್ಚು ಸ್ಪಂದಿಸುತ್ತದೆ. ಅಂದರೆ ಇದು ನಾಟಕವೂ ಅಲ್ಲ, ಮನೋದೌರ್ಬಲ್ಯವೂ ಅಲ್ಲ. ಬದುಕನ್ನೇ ಅಲ್ಲಾಡಿಸುವಷ್ಟು ತೀವ್ರವಾದ ರೂಪಕ್ಕೆ ಪಿಎಂಡಿಡಿ ಎನ್ನುತ್ತಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಅದನ್ನು ಪ್ರತ್ಯೇಕ ಕಾಯಿಲೆಯೆಂದು ಸೇರಿಸಿತು.

ಪರಿಹಾರದ ಮಾತಿಗೆ ಬಂದರೆ, 1998ರ ಇನ್ನೊಂದು ಅಧ್ಯಯನದಲ್ಲಿ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ತೆಗೆದುಕೊಂಡವರ ತೊಂದರೆ ಮೂರನೇ ಚಕ್ರದ ಹೊತ್ತಿಗೆ ಶೇ. 48ರಷ್ಟು ತಗ್ಗಿತು, ಔಷಧವಿಲ್ಲದ ಹುಸಿಗುಳಿಗೆ ತೆಗೆದುಕೊಂಡವರಲ್ಲಿ ಶೇ. 30. ನಮ್ಮ ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಎಳ್ಳು ಜೊತೆಗಿರಲಿ. ಮಾತ್ರೆ ಬೇಕೇ ಎಂಬುದನ್ನು ವೈದ್ಯರು ಹೇಳಲಿ. ನಿತ್ಯದ ನಡಿಗೆ, ಸಾಕಷ್ಟು ನಿದ್ದೆಯಿಂದ ಅನೇಕರಿಗೆ ಹಗುರವಾಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಕಾಫಿಯನ್ನು ಆ ವಾರ ಕಡಿಮೆ ಮಾಡಿ ನೋಡಬಹುದು. ತೀವ್ರವಾಗಿದ್ದರೆ ಆಪ್ತಸಮಾಲೋಚನೆಯಿದೆ, ಮುಟ್ಟಿನ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ. ಬದುಕೇ ಬೇಡ ಎನಿಸುವಷ್ಟಾದರೆ ಸಹಿಸಿಕೊಂಡು ಕೂರಬಾರದು: ತಕ್ಷಣ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಕಚೇರಿಗಳೂ ನಿಧಾನಕ್ಕೆ ಬದಲಾಗುತ್ತಿವೆ. 2017ರಲ್ಲಿ ಮುಂಬಯಿಯ ಕಲ್ಚರ್ ಮಷೀನ್ ಎಂಬ ಕಂಪನಿ ಮುಟ್ಟಿನ ಮೊದಲ ದಿನ ರಜೆ ಘೋಷಿಸಿ ಸುದ್ದಿಯಾಯಿತು. 2025ರ ಅಕ್ಟೋಬರಿನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೆ 1 ದಿನದಂತೆ ವರ್ಷಕ್ಕೆ 12 ದಿನಗಳ ವೇತನ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ತವರಿನ ಈ ಸುದ್ದಿ ಓದಿ ನನಗೆ ಹೆಮ್ಮೆಯಾಯಿತು. ಆದರೆ ರಜೆ ಕೇಳುವ ಹೆಣ್ಣನ್ನು ‘ಕೈಲಾಗದವಳು’ ಎಂದು ನೋಡುವ ಕಣ್ಣು ಬದಲಾಗದಿದ್ದರೆ ಅದು ಕಾಗದದಲ್ಲೇ ಉಳಿದೀತು.

ಹಾಗಾದರೆ ನಾವೇನು ಮಾಡಬಹುದು? ಮುಂಬಯಿಯಲ್ಲಿ 1973ರಲ್ಲಿ ಶುರುವಾದ ‘ಕಾಲನಿರ್ಣಯ’ ಕ್ಯಾಲೆಂಡರ್ ನಮ್ಮಲ್ಲಿ ಎಷ್ಟೋ ಅಡುಗೆಮನೆಗಳ ಗೋಡೆಯ ಮೇಲಿದೆ. ಹಬ್ಬಕ್ಕೆ, ಪೂಜೆಗೆ ಅಡ್ಡಿಯಾದೀತೇ ಎಂದು ನೋಡಲು ಹೆಂಗಸರು ಅದರ ಮೇಲೆ ಸಣ್ಣ ಗುರುತು ಹಾಕುತ್ತ ಬಂದಿದ್ದಾರೆ. ಅದೇ ಗುರುತನ್ನು ಇನ್ನು ನಮ್ಮ ಆರೋಗ್ಯಕ್ಕಾಗಿ ಹಾಕೋಣ. ಅಳು ಬಂದ ದಿನ, ತಲೆನೋವಿನ ದಿನ, ನಿದ್ದೆ ಬಾರದ ರಾತ್ರಿ. ಮೊಬೈಲ್ ಆ್ಯಪ್ ಆದರೂ ಸರಿ, ಪೆನ್ಸಿಲ್ ಆದರೂ ಸರಿ. ಎರಡು ತಿಂಗಳಾದ ಮೇಲೆ ಆ ಹಾಳೆಯನ್ನು ವೈದ್ಯರ ಮುಂದಿಡಿ, ಬೇಕಿದ್ದರೆ ಗಂಡನ ಮುಂದೂ ಇಡಿ. ‘ಅವಳ ಸ್ವಭಾವವೇ ಹಾಗೆ’ ಎನ್ನುವವರಿಗೆ ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಇಲ್ಲ.